ಆಂಟಿವೈರಸ್ ಕೊಂಡರಷ್ಟೇ ಸಾಲದು, ಅಪ್‌ಡೇಟಿಗೆ ಹೊಣೆಗಾರರು ಬೇಕು

ಮಾನ್ಯ ಸಂಪಾದಕರೇ,

ಸಹಕಾರ ಸಂಘವಿರಲಿ, ಕಾಲೇಜಿರಲಿ, ತಾಲ್ಲೂಕು ಕಚೇರಿಯಿರಲಿ, ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ ಆಂಟಿವೈರಸ್ಸಿನ ಪುಟ್ಟ ಗುರುತೊಂದು ಇರುತ್ತದೆ. ಅದು ಕಂಡರೆ ಸಾಕು, ಎಲ್ಲರಿಗೂ ನೆಮ್ಮದಿ. ಆ ಗುರುತಿನ ಮೇಲೆ ಕ್ಲಿಕ್ ಮಾಡಿ, ಕೊನೆಯ ಅಪ್‌ಡೇಟ್ ಇಳಿದದ್ದು ಯಾವ ತಾರೀಕಿಗೆ ಎಂದು ನೋಡುವವರು ವಿರಳ. ಕಂಪ್ಯೂಟರ್ ಖರೀದಿಯ ಟೆಂಡರಿನಲ್ಲಿ ‘ಮೂರು ವರ್ಷದ ಆಂಟಿವೈರಸ್ ಲೈಸೆನ್ಸ್ ಸಹಿತ’ ಎಂಬ ಸಾಲು ಇರುತ್ತದೆ. ಆ ಮೂರು ವರ್ಷವೂ ಅಪ್‌ಡೇಟ್ ಪ್ರತಿ ಯಂತ್ರಕ್ಕೂ ತಲುಪುತ್ತಿದೆಯೇ ಎಂದು ನೋಡುವ ಕೆಲಸ ಯಾರದು ಎಂಬ ಸಾಲು ಹೆಚ್ಚಿನ ಟೆಂಡರುಗಳಲ್ಲಿ ಕಾಣುವುದಿಲ್ಲ. ಸಂಸ್ಥೆಗಳ ಕಂಪ್ಯೂಟರ್ ಭದ್ರತೆ ಸೋರುತ್ತಿರುವುದು ಇಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

‘ಅಪ್‌ಡೇಟ್’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ವಾಸ್ತವದಲ್ಲಿ ಆಂಟಿವೈರಸ್ಸಿನ ಡೆಫಿನಿಷನ್ ಬೇರೆ, ಅದರ ಎಂಜಿನ್ ಬೇರೆ, ವಿಂಡೋಸ್ ಪ್ಯಾಚ್ ಬೇರೆ. ಡೆಫಿನಿಷನ್ ಎಂದರೆ ಪೊಲೀಸ್ ಠಾಣೆಯ ಗೋಡೆಗೆ ಅಂಟಿಸಿದ ಕಳ್ಳರ ಫೋಟೊಗಳಿದ್ದಂತೆ. ದಿನಕ್ಕೆ ಹಲವು ಸಲ ಬದಲಾಗುತ್ತದೆ. ಎಂಜಿನ್ ಎಂದರೆ ಆ ಫೋಟೊ ನೋಡಿ ಗುರುತು ಹಿಡಿಯುವ ಪೇದೆ. ತಿಂಗಳಿಗೊಮ್ಮೆ ಬದಲಾದರೆ ಹೆಚ್ಚು. ಇವೆರಡೂ ಸರಿಯಿದ್ದು, ಮನೆಯ ಹಿತ್ತಲ ಬಾಗಿಲಿನ ಚಿಲಕವೇ ಮುರಿದಿದ್ದರೆ? ಆ ಚಿಲಕವನ್ನು ಸರಿಪಡಿಸುವುದು ವಿಂಡೋಸ್ ಪ್ಯಾಚ್. ಮೈಕ್ರೋಸಾಫ್ಟ್ ಅದನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುತ್ತದೆ. ನಮ್ಮಲ್ಲಿ ಆಗ ರಾತ್ರಿ ಹತ್ತೂವರೆ, ಅಮೆರಿಕದ ಚಳಿಗಾಲದಲ್ಲಾದರೆ ಹನ್ನೊಂದೂವರೆ. ಅಂದರೆ ನಮ್ಮ ಕಚೇರಿಗಳ ಪಾಲಿಗೆ ಅದು ಮರುದಿನ ಬೆಳಿಗ್ಗೆಯ ಕೆಲಸ. ಕ್ಯಾಲೆಂಡರಿನಲ್ಲಿ ‘ಎರಡನೇ ಬುಧವಾರ’ ಎಂದು ಮಾತ್ರ ಗುರುತು ಹಾಕಿಕೊಳ್ಳಬೇಡಿ. ತಿಂಗಳ ಒಂದನೇ ತಾರೀಕೇ ಬುಧವಾರವಾದರೆ, ಎರಡನೇ ಬುಧವಾರ ಎರಡನೇ ಮಂಗಳವಾರಕ್ಕಿಂತ ಆರು ದಿನ ಮೊದಲೇ ಬಂದುಬಿಡುತ್ತದೆ.

ಡೆಫಿನಿಷನ್ ಹೊಸದಿದ್ದು ಪ್ಯಾಚ್ ಹಳೆಯದಾದರೆ ಏನಾಗುತ್ತದೆ ಎಂಬುದಕ್ಕೆ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ವಾನಾಕ್ರೈ ವೈರಸ್ಸಿಗಿಂತ ದೊಡ್ಡ ಸಾಕ್ಷಿ ಬೇಡ. ಅದು ನುಗ್ಗಿದ ಕಿಂಡಿಗೆ ಪ್ಯಾಚ್ ಬಂದದ್ದು 2017ರ ಮಾರ್ಚ್ 14ರಂದು, ದಾಳಿ ಶುರುವಾದದ್ದು ಮೇ 12ರಂದು. ನಡುವೆ 59 ದಿನಗಳಿದ್ದವು. ಆದರೂ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 80ಕ್ಕೆ ಅದರ ಬಿಸಿ ತಟ್ಟಿತು. ಆ ದಾಳಿ ಬಳಸಿದ್ದು ಎಸ್‌ಎಂಬಿ ಒಂದನೇ ಆವೃತ್ತಿ ಎಂಬ ಹಳೆಯ ಫೈಲ್ ಹಂಚಿಕೆ ವಿಧಾನವನ್ನು. ಅದನ್ನು ಇವತ್ತಿಗೂ ಆನ್ ಮಾಡಿಟ್ಟುಕೊಂಡ ಕಚೇರಿಗಳಿವೆ. ಕಾರಣ ಕೇಳಿದರೆ, ಮೂಲೆಯಲ್ಲಿರುವ ಹಳೆಯ ಜೆರಾಕ್ಸ್ ಯಂತ್ರ! ಸ್ಕ್ಯಾನ್ ಮಾಡಿದ ಕಾಗದವನ್ನು ಕಂಪ್ಯೂಟರಿನ ಫೋಲ್ಡರಿಗೆ ಕಳಿಸಲು ಅದಕ್ಕೆ ಬೇರೆ ವಿಧಾನ ಗೊತ್ತಿಲ್ಲ. ಒಂದು ಯಂತ್ರದ ಅನುಕೂಲಕ್ಕೆ ಇಡೀ ಕಚೇರಿಯ ಬಾಗಿಲು ತೆರೆದಿಡುವುದಕ್ಕಿಂತ, ಸ್ಕ್ಯಾನನ್ನು ಪೆನ್‌ಡ್ರೈವ್ ಅಥವಾ ಇ–ಮೇಲ್ ಮೂಲಕ ತೆಗೆದುಕೊಳ್ಳುವುದು ಲೇಸು.

ಇದೇ ತಪ್ಪು ಈಗ ವಿಂಡೋಸ್ 10ರಲ್ಲಿ ಮರುಕಳಿಸುತ್ತಿದೆ. 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಪ್ಯಾಚ್‌ಗಳು ನಿಂತವು. ಆದರೆ ಅದರೊಳಗಿನ ಡಿಫೆಂಡರ್ ಆಂಟಿವೈರಸ್ಸಿಗೆ 2028ರ ಅಕ್ಟೋಬರ್‌ವರೆಗೂ ಡೆಫಿನಿಷನ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಆಂಟಿವೈರಸ್ ಹಸಿರು ಟಿಕ್ ತೋರಿಸುತ್ತಲೇ ಇರುತ್ತದೆ, ಅದರ ಕೆಳಗಿನ ವಿಂಡೋಸ್‌ನಲ್ಲಿ ಮಾತ್ರ ತಿಂಗಳಿಗಿಷ್ಟು ತೂತುಗಳು ಹಾಗೇ ಉಳಿಯುತ್ತವೆ. ಇಂಥ ಯಂತ್ರಗಳಿಗೆ ಹಣ ಕೊಟ್ಟು ವಿಸ್ತರಿತ ಪ್ಯಾಚ್ ಪಡೆಯಬಹುದು: ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರಕ್ಕೆ 61 ಡಾಲರ್, ಆಮೇಲೆ ಪ್ರತಿ ವರ್ಷ ದುಪ್ಪಟ್ಟು, ಹೆಚ್ಚೆಂದರೆ ಮೂರು ವರ್ಷ. ಮೂರೂ ವರ್ಷಕ್ಕೆ ಲೆಕ್ಕ ಹಾಕಿದರೆ 427 ಡಾಲರ್ ಆಗುತ್ತದೆ. ಅಷ್ಟು ಹಣಕ್ಕೆ ಹೊಸ ಕಂಪ್ಯೂಟರನ್ನೇ ಕೊಳ್ಳಬಹುದು. ಹಾಗಾಗಿ ಒಂದು ವರ್ಷಕ್ಕಷ್ಟೇ ವಿಸ್ತರಣೆ ಪಡೆದು, ಅಷ್ಟರೊಳಗೆ ಯಂತ್ರ ಬದಲಿಸುವುದೇ ಸರಿ.

ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಅಪ್‌ಡೇಟೇ ಯಂತ್ರವನ್ನು ಕೆಡಿಸಿದ್ದೂ ಉಂಟು. 2010ರ ಏಪ್ರಿಲ್ 21ರಂದು ಆಂಟಿವೈರಸ್ ಕಂಪನಿ ಮ್ಯಾಕಫಿ ಕಳಿಸಿದ 5958ನೇ ಡೆಫಿನಿಷನ್ ಫೈಲು, ವಿಂಡೋಸ್ ಎಕ್ಸ್‌ಪಿಯ ಜೀವನಾಡಿಯಂಥ ಎಸ್‌ವಿಸಿಹೋಸ್ಟ್ ಕಡತವನ್ನೇ ವೈರಸ್ ಎಂದು ಹಿಡಿದುಹಾಕಿತು. ಯಂತ್ರಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತ ಕೂತವು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ 291ನೇ ಚಾನೆಲ್ ಫೈಲು (ಡೆಫಿನಿಷನ್ ಇದ್ದಂತೆ) ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಹೊರಟಿತು; 10.57ಕ್ಕೆ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ಆ 78 ನಿಮಿಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳಲ್ಲಿ ನೀಲಿ ಪರದೆ ಬಂತು. ಬೆಂಗಳೂರು ಸೇರಿದಂತೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಚೆಕ್–ಇನ್ ಕೆಲಸವನ್ನು ಕೈಯಲ್ಲೇ ಮಾಡಬೇಕಾಯಿತು. ಕಾರಣ ಎಷ್ಟು ಸಣ್ಣದು ನೋಡಿ: ಹೊಸ ಫೈಲು 21ನೇ ಮಾಹಿತಿಯನ್ನೂ ಪರಿಶೀಲಿಸಲು ಹೇಳುತ್ತಿತ್ತು, ಯಂತ್ರದಲ್ಲಿದ್ದ ಪ್ರೋಗ್ರಾಂ ಒದಗಿಸುತ್ತಿದ್ದದ್ದು 20 ಮಾತ್ರ. ಇಲ್ಲದ 21ನೆಯದನ್ನು ಓದಲು ಮೆಮೊರಿಯಲ್ಲಿ ಕೈಹಾಕಿದ್ದೇ ತಡ, ವಿಂಡೋಸ್ ಕುಸಿಯಿತು. ವಿಂಡೋಸಿನ ಕರ್ನಲ್‌ನಲ್ಲೇ, ಅಂದರೆ ಅದರ ತಿರುಳಿನಲ್ಲೇ, ಕೂತು ಕೆಲಸ ಮಾಡುವ ಪ್ರೋಗ್ರಾಂ ಬಿದ್ದರೆ ಯಂತ್ರವನ್ನೂ ಎಳೆದುಕೊಂಡೇ ಬೀಳುತ್ತದೆ.

ಆ ದಿನದ ಬಗ್ಗೆ ಮಾತಾಡುವವರು ಹೆಚ್ಚಾಗಿ ಬಿಟ್ಟುಬಿಡುವ ವಿಷಯ ಇನ್ನೊಂದಿದೆ. ಹೊಸ ಆವೃತ್ತಿ ಬಂದ ಕೂಡಲೇ ಹಾಕಿಕೊಳ್ಳದೆ ಒಂದು ಆವೃತ್ತಿ ಹಿಂದೆಯೇ ಇರುವ ಸೆಟ್ಟಿಂಗ್ ಇಟ್ಟುಕೊಂಡಿದ್ದ ಎಚ್ಚರಿಕೆಯ ಸಂಸ್ಥೆಗಳೂ ಬಿದ್ದವು. ಆ ಸೆಟ್ಟಿಂಗ್ ಪ್ರೋಗ್ರಾಂ ಆವೃತ್ತಿಗೆ ಮಾತ್ರ ಅನ್ವಯಿಸುತ್ತಿತ್ತು. ಚಾನೆಲ್ ಫೈಲು ಎಲ್ಲರಿಗೂ ಒಟ್ಟಿಗೇ ಹೋಗುತ್ತಿತ್ತು. ಗ್ರಾಹಕರ ಕೈಗೆ ಆ ನಿಯಂತ್ರಣವೂ ಸಿಕ್ಕಿದ್ದು ಘಟನೆಯ ನಂತರ. ಆದ್ದರಿಂದ ಯಾವ ಕಂಪನಿಯ ಆಂಟಿವೈರಸ್ ಕೊಳ್ಳುವುದಿದ್ದರೂ ಈ ಪ್ರಶ್ನೆಯನ್ನು ಲಿಖಿತವಾಗಿ ಕೇಳಿ: ‘ಎಂಜಿನ್ ಮಾತ್ರವಲ್ಲ, ಡೆಫಿನಿಷನ್ ಕೂಡ ಗುಂಪು ಗುಂಪಾಗಿ, ನಮ್ಮ ಸಮಯಕ್ಕೆ ಬಿಡಲು ಕನ್ಸೋಲಿನಲ್ಲಿ (ಎಲ್ಲ ಯಂತ್ರಗಳನ್ನೂ ಒಂದೆಡೆಯಿಂದ ನೋಡಿಕೊಳ್ಳುವ ಪರದೆಯಲ್ಲಿ) ಅವಕಾಶವಿದೆಯೇ?’

ಇಂಥ ಘಟನೆ ನಡೆದಾಗಲೆಲ್ಲ ‘ಅಪ್‌ಡೇಟ್ ಆಫ್ ಮಾಡಿಬಿಡಿ, ತಲೆನೋವು ಇರಲ್ಲ’ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಅದು ಮದ್ದಲ್ಲ. ಒಂದೇ ಸಲಕ್ಕೆ ಎಲ್ಲ ಯಂತ್ರಕ್ಕೂ ಹಾಕದೆ, ಸರದಿಯಲ್ಲಿ ಹಾಕುವುದು ಮದ್ದು. 40 ಕಂಪ್ಯೂಟರಿನ ಕಚೇರಿ ಎಂದಿಟ್ಟುಕೊಳ್ಳಿ. ಪ್ಯಾಚ್ ಬಂದ ಮರುದಿನ ಬುಧವಾರ ಬೆಳಿಗ್ಗೆ ಎರಡು ಯಂತ್ರಕ್ಕೆ ಹಾಕಿ. ಶುಕ್ರವಾರದ ಹೊತ್ತಿಗೆ ಶಾಖೆಗೆ ಒಂದರಂತೆ ಇನ್ನಾರು ಯಂತ್ರಕ್ಕೆ. ಮುಂದಿನ ಮಂಗಳವಾರ, ಬುಧವಾರ ಉಳಿದೆಲ್ಲಕ್ಕೆ. ಸರ್ವರ್‌ಗೆ ಕೊನೆಗೆ, ಆ ವಾರದ ಭಾನುವಾರ, ಬ್ಯಾಕಪ್ ತೆಗೆದು ಅದು ತೆರೆದುಕೊಳ್ಳುತ್ತದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ. ಒಟ್ಟು ಎರಡು ವಾರದೊಳಗೆ ಮುಗಿಯಬೇಕು. ಆ ಕಿಂಡಿಯ ಮೂಲಕ ದಾಳಿ ಆಗಲೇ ನಡೆಯುತ್ತಿದೆ ಎಂದು ಮೈಕ್ರೋಸಾಫ್ಟೋ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ನೋ ಹೇಳಿದ್ದರೆ ಇದೇ ಸರದಿಯನ್ನು ಎರಡು ದಿನಕ್ಕೆ ಇಳಿಸಿ. ಡೆಫಿನಿಷನ್‌ಗೆ ಇಷ್ಟು ಕಾಯುವಂತಿಲ್ಲ: ಪ್ರಯೋಗದ ಯಂತ್ರಕ್ಕೆ ತಕ್ಷಣ, ಉಳಿದವಕ್ಕೆ ಎರಡರಿಂದ ನಾಲ್ಕು ಗಂಟೆ ತಡವಾಗಿ. ಅಷ್ಟು ತಡ ಮಾಡಲು ಆಗ ಅವಕಾಶವಿದ್ದಿದ್ದರೆ 2024ರ ಆ ಫೈಲು ಎಷ್ಟೋ ಕಚೇರಿಗಳನ್ನು ಮುಟ್ಟುತ್ತಿರಲಿಲ್ಲ.

ಪ್ರಯೋಗಕ್ಕೆ ಯಾವ ಯಂತ್ರ ಆರಿಸುತ್ತೀರಿ ಎಂಬುದರಲ್ಲೇ ಅರ್ಧ ಗೆಲುವಿದೆ. ಸಾಮಾನ್ಯವಾಗಿ ಯಾರೂ ಬಳಸದ, ಮೂಲೆಯಲ್ಲಿ ಬಿದ್ದಿರುವ ಕಂಪ್ಯೂಟರಿಗೆ ಹಾಕಿ ‘ಎಲ್ಲ ಸರಿ ಇದೆ’ ಎನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಕನ್ನಡ ಟೈಪಿಂಗಿನ ನುಡಿ ಇರುವ, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಚುಚ್ಚುವ, ಪಾಸ್‌ಬುಕ್ ಪ್ರಿಂಟರ್ ಜೋಡಿಸಿದ, ಟ್ಯಾಲಿ ಓಡುವ ಯಂತ್ರವೇ ಪ್ರಯೋಗಕ್ಕೆ ಬೇಕು. ಕನ್ನಡ ಟೈಪಿಂಗ್ ತಂತ್ರಾಂಶಗಳು ಒತ್ತಿದ ಪ್ರತಿ ಕೀಲಿಯನ್ನೂ ನಡುವೆ ಹಿಡಿದು ಅಕ್ಷರ ಮಾಡುತ್ತವೆ. ಪಾಸ್‌ವರ್ಡ್ ಕದಿಯುವ ವೈರಸ್ ಕೂಡ ಕೀಲಿಗಳನ್ನು ಹಾಗೇ ಹಿಡಿಯುತ್ತದೆ. ಹೊಸ ಎಂಜಿನ್ ಬಂದ ದಿನ ಅನುಮಾನ ಮೊದಲು ಬೀಳುವುದು ಇಂಥವುಗಳ ಮೇಲೆ. ಅನುಮಾನ ಬಿದ್ದರೆ ಆ ಒಂದು ಫೈಲಿಗೆ ವಿನಾಯಿತಿ ಕೊಡಿ. ಅವಸರದಲ್ಲಿ ಇಡೀ ಸಿ ಡ್ರೈವಿಗೇ ವಿನಾಯಿತಿ ಕೊಟ್ಟುಬಿಟ್ಟರೆ ಆಂಟಿವೈರಸ್ ಇದ್ದೂ ಇಲ್ಲದಂತೆ.

ಹಂಚಿಕೊಂಡ ಪ್ರಿಂಟರಿನ ಕಥೆ ಎಲ್ಲ ಕಚೇರಿಗೂ ಗೊತ್ತು. 2021ರ ಸೆಪ್ಟೆಂಬರ್ ಪ್ಯಾಚ್ ಬಂದ ಮೇಲೆ ‘0ಎಕ್ಸ್0000011ಬಿ’ ಎಂಬ ದೋಷ ಸಂಖ್ಯೆ ತೋರಿಸಿ ಪ್ರಿಂಟ್ ನಿಂತುಹೋಯಿತು. ಆಗ ಊರೂರಿನ ಸರ್ವಿಸ್ ಹುಡುಗರು ಕಂಡುಕೊಂಡ ದಾರಿ ಎರಡು: ಕೆಬಿ5005565 ಪ್ಯಾಚನ್ನೇ ಕಿತ್ತುಹಾಕಿ ಅಪ್‌ಡೇಟ್ ನಿಲ್ಲಿಸುವುದು, ಇಲ್ಲವೇ ವಿಂಡೋಸಿನ ಒಳ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಒಂದು ಅಂಕಿಯನ್ನು ಸೊನ್ನೆ ಮಾಡಿ ರಕ್ಷಣೆಯನ್ನು ಆರಿಸುವುದು. ಪ್ರಿಂಟ್ ಬಂತು, ಎಲ್ಲರೂ ಖುಷಿಯಾದರು. ಅವತ್ತು ನಿಲ್ಲಿಸಿದ ಅಪ್‌ಡೇಟನ್ನು ಮತ್ತೆ ಶುರುಮಾಡಲು ಯಾರಿಗೂ ನೆನಪಾಗಲಿಲ್ಲ. ಸರಿಯಾದ ಪರಿಹಾರ ಸುಲಭವೇ ಇತ್ತು. ಪ್ರಿಂಟರ್ ಜೋಡಿಸಿದ ಕಂಪ್ಯೂಟರಿಗೂ ಅದನ್ನು ಬಳಸುವ ಕಂಪ್ಯೂಟರುಗಳಿಗೂ ಎರಡೂ ಕಡೆ ಪ್ಯಾಚ್ ಹಾಕುವುದು. ನೆಟ್‌ವರ್ಕ್ ಪ್ರಿಂಟರ್ ಆದರೆ ಹಂಚಿಕೆಯ ಗೊಡವೆಯೇ ಬೇಡ, ಪ್ರತಿ ಯಂತ್ರದಿಂದ ಐಪಿ ವಿಳಾಸ ಕೊಟ್ಟು ನೇರ ಜೋಡಿಸುವುದು. ಹಳೆಯ ಯಂತ್ರಗಳಲ್ಲಿ ಆ ಸೊನ್ನೆ ಇನ್ನೂ ಉಳಿದಿದೆಯೇ ಎಂದು ಈಗಲೂ ಒಮ್ಮೆ ನೋಡುವುದು ಒಳ್ಳೆಯದು.

ಅಪ್‌ಡೇಟ್ ಇಳಿಯದಿರುವುದಕ್ಕೆ ಕಾರಣಗಳು ಹೆಚ್ಚಿನ ಸಲ ತೀರಾ ಸಾದಾ. ಮೊದಲು ತಲೆ ಎಣಿಸಿ. ಆಂಟಿವೈರಸ್ ಕನ್ಸೋಲಿನಲ್ಲಿ ಕಾಣುವ ಯಂತ್ರಗಳ ಸಂಖ್ಯೆಯನ್ನು ದಾಸ್ತಾನು ವಹಿಯ ಸಂಖ್ಯೆಗೆ ತಾಳೆ ಹಾಕಿ. ವಹಿಯಲ್ಲಿ 40 ಇದ್ದು ಕನ್ಸೋಲಿನಲ್ಲಿ 31 ಇದ್ದರೆ, ಅಪಾಯ ಇರುವುದು ಕಾಣದ ಆ ಒಂಬತ್ತರಲ್ಲಿ. ‘31ರಲ್ಲಿ 31 ಸುರಕ್ಷಿತ’ ಎಂದು ಕನ್ಸೋಲು ನೂರಕ್ಕೆ ನೂರು ತೋರಿಸುತ್ತಲೇ ಇರುತ್ತದೆ. ಒಂದೇ ಹಾರ್ಡ್‌ಡಿಸ್ಕಿನಿಂದ ಕ್ಲೋನ್ ಮಾಡಿದ ಯಂತ್ರಗಳಲ್ಲಿ ಈ ಸಮಸ್ಯೆ ಹೆಚ್ಚು. ಎಲ್ಲಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಹತ್ತು ಯಂತ್ರಗಳು ಸೇರಿ ಒಂದೇ ಹೆಸರಾಗಿ ಕಾಣುತ್ತವೆ. ಕ್ಲೋನ್ ಮಾಡುವ ಮೊದಲು ಮೂಲ ಯಂತ್ರದಿಂದ ಆಂಟಿವೈರಸ್ ತೆಗೆದು, ಪ್ರತಿ ನಕಲಿಗೂ ಆಮೇಲೆ ಹೊಸದಾಗಿ ಹಾಕುವುದೇ ಕ್ರಮ.

ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಿಆರ್2032, ಮೂರು ವೋಲ್ಟ್. ಅದು ಸತ್ತಾಗ, ಸಂಜೆ ಕರೆಂಟ್ ತೆಗೆದ ಯಂತ್ರ ಬೆಳಿಗ್ಗೆ ಎಷ್ಟೋ ವರ್ಷ ಹಿಂದಿನ ತಾರೀಕಿನೊಂದಿಗೆ ಏಳುತ್ತದೆ. ಅಪ್‌ಡೇಟ್ ಸರ್ವರ್ ತೋರಿಸುವ ಭದ್ರತಾ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಆ ಯಂತ್ರಕ್ಕೆ ಅನ್ನಿಸಿ, ಸಂಪರ್ಕವನ್ನೇ ಕಡಿಯುತ್ತದೆ. ಆಂಟಿವೈರಸ್ಸೋ ‘ಇಂಟರ್‌ನೆಟ್ ಇಲ್ಲ’ ಎಂಬ ಅರ್ಥದ ಸಂದೇಶ ತೋರಿಸುತ್ತದೆ. ಜನ ಕೇಬಲ್ ಬದಲಿಸುತ್ತ ಕೂರುತ್ತಾರೆ. ಬ್ಯಾಟರಿ ಹಾಕಿ, ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರಿಗೆ ಜೋಡಿಸಿದರೆ ಮುಗಿಯಿತು. 2022ರ ಏಪ್ರಿಲ್ 28ರ ಸರ್ಟ್–ಇನ್ ನಿರ್ದೇಶನ ಕೇಳುವುದೂ ಇದನ್ನೇ.

‘ದಿನಾ ಸಂಜೆ ಶಟ್‌ಡೌನ್ ಮಾಡ್ತೀವಲ್ಲ’ ಎನ್ನುವ ಸಿಬ್ಬಂದಿಯ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಕೆಳಗೆ ‘ಅಪ್ ಟೈಮ್’ ನೋಡಿ. ನಲವತ್ತು ದಿನ ಎಂದಿದ್ದರೆ ಅಚ್ಚರಿ ಬೇಡ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಎಂದರೆ ಅರೆನಿದ್ದೆ ಅಷ್ಟೆ; ಪೂರ್ತಿ ಎಚ್ಚರವಾಗುವುದು ರೀಸ್ಟಾರ್ಟ್‌ನಲ್ಲಿ ಮಾತ್ರ. ಪ್ಯಾಚ್ ಇಳಿದು ರೀಸ್ಟಾರ್ಟ್‌ಗೆ ಕಾಯುತ್ತಿದ್ದರೆ ಅದಿನ್ನೂ ಜಾರಿಗೆ ಬಂದಿಲ್ಲ ಎಂದೇ ಅರ್ಥ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಆ ಟಿಕ್ ತೆಗೆಯಬಹುದು. ಇದಕ್ಕಿಂತ ಕೆಟ್ಟ ರೂಢಿ, ಐದೂವರೆ ಆಯಿತೆಂದು ಅಟೆಂಡರ್ ಬಂದು ಮೇನ್ ಸ್ವಿಚ್ಚನ್ನೇ ಆರಿಸುವುದು. ಅಪ್‌ಡೇಟ್ ನಡೆಯುತ್ತಿರುವಾಗ ಹಾಗಾದರೆ ಇಳಿದದ್ದೆಲ್ಲ ಹಿಂದಕ್ಕೆ ಹೋಗುತ್ತದೆ. ಕೆಲವೊಮ್ಮೆ ಯಂತ್ರ ಏಳುವುದೇ ಇಲ್ಲ, ಬೈಗುಳ ಪ್ಯಾಚ್‌ಗೆ. ಅಪ್‌ಡೇಟ್ ದಿನ ಊಟದ ವೇಳೆಯಲ್ಲೇ ರೀಸ್ಟಾರ್ಟ್ ಇಟ್ಟುಕೊಂಡರೆ ಈ ರಗಳೆ ಇಲ್ಲ.

ಕಾಲೇಜು ಲ್ಯಾಬುಗಳದ್ದು ಬೇರೆಯೇ ಪಾಡು. ವಿದ್ಯಾರ್ಥಿಗಳು ಏನು ಮಾಡಿದರೂ ರೀಸ್ಟಾರ್ಟ್ ಆದಾಗ ಮೊದಲಿನಂತಾಗಲಿ ಎಂದು ಡೀಪ್ ಫ್ರೀಜ್ ಹಾಕಿರುತ್ತಾರೆ. ಅದು ಅಪ್‌ಡೇಟನ್ನೂ ಅಷ್ಟೇ ನಿಷ್ಠೆಯಿಂದ ಅಳಿಸಿಹಾಕುತ್ತದೆ. ದಿನಾ ಬೆಳಿಗ್ಗೆ ಅದೇ ಡೆಫಿನಿಷನ್ ಮತ್ತೆ ಇಳಿಯುತ್ತದೆ, ಸಂಜೆ ಮಾಯ. ಲೈನಿಗೂ ಭಾರ, ರಕ್ಷಣೆಯೂ ಇಲ್ಲ. ವಾರಕ್ಕೊಂದು ರಾತ್ರಿ ಫ್ರೀಜ್ ತೆಗೆದು, ಅಪ್‌ಡೇಟ್ ಇಳಿಸಿ, ಮತ್ತೆ ಫ್ರೀಜ್ ಮಾಡುವ ವೇಳಾಪಟ್ಟಿಯನ್ನು ಅದರಲ್ಲೇ ಇಡಬಹುದು. ಸಿ ಡ್ರೈವ್ ತುಂಬಿರುವುದೂ ಸಾಮಾನ್ಯ ದೂರು. 128 ಜಿಬಿ ಎಸ್‌ಎಸ್‌ಡಿಯಲ್ಲಿ ಸ್ಕ್ಯಾನ್ ಮಾಡಿದ ಕಡತಗಳನ್ನೆಲ್ಲ ಡೆಸ್ಕ್‌ಟಾಪ್ ಮೇಲೇ ಪೇರಿಸಿದರೆ ಪ್ಯಾಚ್ ಬಿಚ್ಚಿಕೊಳ್ಳಲು ಜಾಗವೆಲ್ಲಿ? 20 ಜಿಬಿ ಖಾಲಿ ಇರಲೇಬೇಕು. ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್ ಓಡಿಸುವುದಂತೂ ಸಲ್ಲದು. ತೆರೆಯುವ ಪ್ರತಿ ಫೈಲನ್ನೂ ಎರಡೂ ತಡೆದು ನೋಡುವುದರಿಂದ ಯಂತ್ರ ತೆವಳುತ್ತದೆ. ಮಾಮೂಲಿ ವಿಂಡೋಸ್‌ನಲ್ಲಿ ಬೇರೆ ಆಂಟಿವೈರಸ್ ಬಂದರೆ ಡಿಫೆಂಡರ್ ತಾನೇ ಬದಿಗೆ ಸರಿಯುತ್ತದೆ, ಸರ್ವರ್ ವಿಂಡೋಸ್‌ನಲ್ಲಿ ಹಾಗೆ ಸರಿಯುವುದಿಲ್ಲ.

ಇಂಟರ್‌ನೆಟ್ ನಿಧಾನವೆಂದು ಅಪ್‌ಡೇಟ್ ನಿಲ್ಲಿಸುವವರಿಗೆ ಒಂದು ಲೆಕ್ಕ. ತಿಂಗಳ ಪ್ಯಾಚ್ 1 ಜಿಬಿ ಎಂದರೂ 40 ಯಂತ್ರಕ್ಕೆ 40 ಜಿಬಿ. 50 ಎಂಬಿಪಿಎಸ್ ಲೈನು ಬೇರೇನೂ ಮಾಡದೆ ಇದೊಂದನ್ನೇ ಎಳೆದರೂ ಒಂದೂಮುಕ್ಕಾಲು ಗಂಟೆ ಬೇಕು. ಕಚೇರಿ ವೇಳೆಯಲ್ಲಿ ಹೀಗಾದರೆ ಕೌಂಟರಿನ ಮುಂದೆ ಸಾಲು ಬೆಳೆಯುವುದು ಖಂಡಿತ. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಎಂಬುದಿದೆ. ಸ್ಥಳೀಯ ಜಾಲದ ಯಂತ್ರಗಳಿಂದ ಪಡೆಯುವ ಆಯ್ಕೆ ಕೊಟ್ಟರೆ, ಮೊದಲು ಇಳಿಸಿಕೊಂಡ ಒಂದೆರಡು ಯಂತ್ರಗಳಿಂದಲೇ ಉಳಿದವು ಪಡೆದುಕೊಳ್ಳುತ್ತವೆ. ಖರ್ಚಿಲ್ಲ, ಯಂತ್ರಗಳ ನಡುವೆ 7680ನೇ ಪೋರ್ಟ್ ತೆರೆದಿದ್ದರೆ ಸಾಕು. ಅಪ್‌ಡೇಟ್ ಹಂಚಲು ಡಬ್ಲ್ಯುಎಸ್‌ಯುಎಸ್ ಸರ್ವರ್ ಇಟ್ಟುಕೊಂಡವರು ಅದರ 8530, 8531 ಪೋರ್ಟುಗಳನ್ನು ಇಂಟರ್‌ನೆಟ್‌ಗೆ ಎಂದೂ ತೆರೆದಿಡಬಾರದು. 2025ರ ಅಕ್ಟೋಬರಿನಲ್ಲಿ ಆ ಸರ್ವರಿನಲ್ಲೇ ಗಂಭೀರ ಕಿಂಡಿ ಪತ್ತೆಯಾಗಿ, ಮೊದಲ ಪ್ಯಾಚ್ ಸಾಲದೆ 23ರಂದು ತುರ್ತಾಗಿ ಇನ್ನೊಂದನ್ನು ಬಿಡಬೇಕಾಯಿತು.

ವಿಂಡೋಸ್ ಆಚೆಗಿನ ತಂತ್ರಾಂಶಗಳನ್ನಂತೂ ಯಾರೂ ಕೇಳುವುದಿಲ್ಲ. ಪ್ರತಿ ಕಚೇರಿಯಲ್ಲೂ ಇರುವ ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. 2025ರ ಜುಲೈ 30ರ 7.13ಕ್ಕಿಂತ ಹಳೆಯ ಆವೃತ್ತಿಯಲ್ಲಿ ದಾಳಿಗೆ ಬಳಕೆಯಾದ ಕಿಂಡಿಯಿದೆ. ಸಹಕಾರಿ ಬ್ಯಾಂಕುಗಳವರು 2024ರ ಜುಲೈ 31 ಮರೆತಿರಲಾರರು. ಸೇವೆ ಒದಗಿಸುವ ಕಂಪನಿಯೊಂದಕ್ಕೆ, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ತಗುಲಿ, ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಿತು. ದಾಳಿಯ ದಾರಿ ಜೆಂಕಿನ್ಸ್ ತಂತ್ರಾಂಶದ ಕಿಂಡಿ ಎಂದು ಬೆಂಗಳೂರಿನ ಸೈಬರ್ ಭದ್ರತಾ ಕಂಪನಿ ಕ್ಲೌಡ್‌ಸೆಕ್ ಹೇಳಿತು. ಆ ಕಿಂಡಿಗೆ ಪ್ಯಾಚ್ ಜನವರಿಯಲ್ಲೇ ಬಂದಿತ್ತು.

ಯಂತ್ರ ಕೆಟ್ಟು ನಿಂತಾಗ ಬೇಕಾಗುವುದು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ಕೀ. ಕ್ರೌಡ್‌ಸ್ಟ್ರೈಕ್ ಪ್ರಕರಣದಲ್ಲಿ ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಿದರೆ ಯಂತ್ರ ಸರಿಹೋಗುತ್ತಿತ್ತು. ಕೀ ಇಲ್ಲದವರಿಗೆ ಅದೂ ಆಗಲಿಲ್ಲ. ಕೆಲವರ ಕೀಗಳೆಲ್ಲ ಇದ್ದದ್ದು ಅದೇ ನೀಲಿ ಪರದೆ ಬಂದ ಸರ್ವರಿನಲ್ಲಿ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಮೊದಲು ಲಾಗಿನ್ ಆದವರ ಮೈಕ್ರೋಸಾಫ್ಟ್ ಖಾತೆಗೆ ಕೀ ಹೋಗಿ ಕೂರುತ್ತದೆ. ಆ ಗುಮಾಸ್ತರಿಗೆ ವರ್ಗವಾದರೆ ಕೀ ಕೂಡ ವರ್ಗವಾದಂತೆಯೇ. ಪ್ರತಿ ಯಂತ್ರದ ಕೀಯನ್ನು ಕಾಗದದ ಮೇಲೆ ಮುದ್ರಿಸಿ, ಮೊಹರು ಹಾಕಿದ ಲಕೋಟೆಯಲ್ಲಿ ಗಾಡ್ರೆಜ್ ಬೀರುವಿನಲ್ಲಿಡಿ.

ಇದನ್ನೆಲ್ಲ ಮಾಡಬೇಕಾದವರು ಯಾರು? ಇಂದಿನ ಬಹುತೇಕ ಎಎಂಸಿ (ವಾರ್ಷಿಕ ನಿರ್ವಹಣೆ) ಕರಾರುಗಳಲ್ಲಿ ‘ವೈರಸ್ ತೆಗೆಯುವುದು’ ಎಂದು ಮಾತ್ರ ಇರುತ್ತದೆ. ಅಂದರೆ ಬಂದ ಮೇಲೆ ಓಡಿಬರುವುದು. ಅದರ ಜೊತೆ ನಾಲ್ಕು ಷರತ್ತು ಸೇರಲಿ: ಪ್ರತಿ ಸೋಮವಾರ ದಾಸ್ತಾನು ವಹಿಗೆ ತಾಳೆ ಹಾಕಿದ ಯಂತ್ರವಾರು ಪಟ್ಟಿ, ಅದರಲ್ಲಿ ಡೆಫಿನಿಷನ್ ತಾರೀಕು, ಕೊನೆಯ ಪ್ಯಾಚ್, ಕೊನೆಯ ರೀಸ್ಟಾರ್ಟ್; ಡೆಫಿನಿಷನ್ ಮೂರು ದಿನಕ್ಕಿಂತ ಹಳತಾದ ಯಂತ್ರವನ್ನು 24 ಗಂಟೆಯೊಳಗೆ ಸರಿಪಡಿಸುವುದು; ಪ್ಯಾಚ್‌ಗಳನ್ನು ಸರದಿಯಲ್ಲಿ 14 ದಿನದೊಳಗೆ ಹಾಕಿ ಮುಗಿಸುವುದು; ಲೈಸೆನ್ಸ್ ಮುಗಿಯುವ 60 ದಿನ ಮೊದಲು ಲಿಖಿತ ಸೂಚನೆ ಕೊಡುವುದು. ಕಚೇರಿಯ ಕಡೆಯಿಂದ ಆ ಪಟ್ಟಿಗೆ ರುಜು ಹಾಕುವ ಒಬ್ಬರ ಹೆಸರು, ಅವರು ರಜೆಯಲ್ಲಿದ್ದಾಗ ನೋಡುವ ಇನ್ನೊಬ್ಬರ ಹೆಸರು ಆದೇಶದಲ್ಲಿ ಇರಬೇಕು. ಸರ್ಟ್–ಇನ್ ನಿರ್ದೇಶನದಂತೆ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ (ಯಂತ್ರಗಳ ಚಟುವಟಿಕೆಯ ದಾಖಲೆ) ಇಟ್ಟಿರಬೇಕು; ಹೊಣೆಗಾರರೇ ಇಲ್ಲದ ಕಚೇರಿಯಲ್ಲಿ ಆ ಆರು ಗಂಟೆ ಯಾರನ್ನು ಕರೆಯುವುದು ಎಂದು ಹುಡುಕುವುದರಲ್ಲೇ ಕಳೆಯುತ್ತದೆ.

ಏಪ್ರಿಲ್‌ನಿಂದ ಶುರುವಾಗುವ ಎಎಂಸಿಗಳ ಟೆಂಡರ್ ಕಾಗದಗಳು ಸಿದ್ಧವಾಗುವುದು ಜನವರಿ, ಫೆಬ್ರುವರಿಯಲ್ಲಿ. ಇ–ಆಡಳಿತ ಇಲಾಖೆ ಅದಕ್ಕೂ ಮುನ್ನ ಈ ಷರತ್ತುಗಳನ್ನು ಮಾದರಿ ಕರಾರಿಗೆ ಸೇರಿಸಿ ಎಲ್ಲ ಕಚೇರಿಗಳಿಗೂ ಸುತ್ತೋಲೆ ಕಳಿಸಬೇಕು, ಸಹಕಾರ ಇಲಾಖೆ ತನ್ನ ವ್ಯಾಪ್ತಿಯ ಸಂಘಗಳಿಗೂ ಅದನ್ನು ತಲುಪಿಸಬೇಕು ಎಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇವೆ.

— ಕಚೇರಿ ಕಂಪ್ಯೂಟರ್ ಜಾಲಗಳನ್ನು ನೋಡಿಕೊಳ್ಳುವ ಸಿಸ್ಟಂ ಅಡ್ಮಿನ್‌ಗಳು, ದಾವಣಗೆರೆ